ದಮ್ಮಿನ ಮುನ್ಸೂಚನೆ: ರಾಯಚೂರು ಸೀಮೆ ಮತ್ತು ಇಯೋಸಿನೋಫಿಲ್ ಎಣಿಕೆ

ರಾಯಚೂರು, ಮಾನ್ವಿ, ದೇವದುರ್ಗದ ಕಡೆ ದಮ್ಮು ಎನ್ನುವ ಅಸ್ತಮಾ ಯಾವಾಗ ಕೆರಳುತ್ತದೆ ಎಂಬುದನ್ನು ಬಹುಕಾಲ ಋತುಮಾನದಿಂದಲೇ ಅಂದಾಜು ಮಾಡುತ್ತಿದ್ದರು. ಮೋಡ ಕವಿದಾಗ, ಚಳಿ ಬಿದ್ದಾಗ, ರಾಶಿಯ ಧೂಳೆದ್ದಾಗ ಏದುಸಿರು ಹೆಚ್ಚುತ್ತದೆ ಎಂಬ ಆ ಲೆಕ್ಕಕ್ಕೆ ಅನುಭವದ ಆಧಾರವಿತ್ತು. ಹೈದರಾಬಾದಿನ ಬತ್ತಿನಿ ಗೌಡ ಮನೆತನದವರು ಔಷಧವಿಟ್ಟ ಜೀವಂತ ಮೀನಿನ ಮರಿಯನ್ನು ರೋಗಿಗಳಿಗೆ ನುಂಗಿಸುವುದೂ ಮಳೆಗಾಲದ ಹೊಸ್ತಿಲಲ್ಲಿ, ಮೃಗಶಿರ ಮಳೆ ಕೂಡುವ ದಿನ. ಈ ಪದ್ಧತಿ 1845ರಿಂದ ನಡೆದಿದೆ ಎಂಬುದು ಆ ಮನೆತನದ ಹೇಳಿಕೆ. 1956ರವರೆಗೆ ರಾಯಚೂರು ಜಿಲ್ಲೆಯೂ ಹೈದರಾಬಾದ್ ರಾಜ್ಯದ್ದೇ ಭಾಗವಾಗಿತ್ತು. ಮೀನಿನ ಔಷಧದಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದು ಮಾತ್ರ ವೈಜ್ಞಾನಿಕ ಪರೀಕ್ಷೆಯಲ್ಲಿ ಸಾಬೀತಾಗಿಲ್ಲ.

ಮುನ್ಸೂಚನೆಯನ್ನು ರೋಗಿಯ ದೇಹದಲ್ಲೇ ಹುಡುಕುವ ದಾರಿ ತೆರೆದದ್ದು ಜರ್ಮನಿಯಲ್ಲಿ. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣವನ್ನು ಪೌಲ್ ಎರ್ಲಿಖ್ 1879ರಲ್ಲಿ ಗುರುತಿಸಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕಣ ಅಸ್ತಮಾ ರೋಗಿಗಳ ಕಫದಲ್ಲೂ ಕಂಡಿತು. ಕಫದಲ್ಲಿ ಇಯೋಸಿನೋಫಿಲ್ ಇರುವವರಿಗೇ ಸ್ಟೀರಾಯ್ಡ್ ಚೆನ್ನಾಗಿ ಹಿಡಿಯುತ್ತದೆ ಎಂದು ಇಂಗ್ಲೆಂಡಿನ ಹ್ಯಾರಿ ಮಾರೋ ಬ್ರೌನ್ 1958ರಲ್ಲಿ ತೋರಿಸಿದ.

ಭಾರತದಲ್ಲಿ ಈ ಕಣದ ಕಥೆ ಬೇರೆಯೇ ದಾರಿ ಹಿಡಿಯಿತು. ಕರ್ನಾಟಕದ ಗಡಿಗೆ ಹತ್ತಿರದ ಮದನಪಲ್ಲಿಯ ಆರೋಗ್ಯವರಂ ಕ್ಷಯ ಆಸ್ಪತ್ರೆಯಲ್ಲಿ ಫ್ರಿಮೋಟ್-ಮೋಲರ್ ಮತ್ತು ಬಾರ್ಟನ್ ಕ್ಷಯದಂತೆ ಕಾಣುವ, ಆದರೆ ಕ್ಷಯವಲ್ಲದ ಒಂದು ಕಾಯಿಲೆಯನ್ನು 1940ರಲ್ಲಿ ವರ್ಣಿಸಿದರು. ರಾತ್ರಿ ಕೆಮ್ಮು, ಉಬ್ಬಸ, ಜೊತೆಗೆ ರಕ್ತದಲ್ಲಿ ವಿಪರೀತ ಇಯೋಸಿನೋಫಿಲ್. 1943ರಲ್ಲಿ ವೈನ್‌ಗಾರ್ಟನ್ ಇದನ್ನು ಟ್ರಾಪಿಕಲ್ ಇಯೋಸಿನೋಫಿಲಿಯಾ ಎಂದು ಕರೆದ. ಕಾರಣ ಮಾತ್ರ ಬಹಳ ದಿನ ಬಗೆಹರಿಯಲಿಲ್ಲ, ಏಕೆಂದರೆ ಇಂಥವರ ರಕ್ತದಲ್ಲಿ ಹುಡುಕಿದರೆ ಕಾಯಿಲೆಗೆ ಕಾರಣವಾದ ಹುಳು ಸಿಗುವುದೇ ಅಪರೂಪ. 1960ರಲ್ಲಿ ವೆಲ್ಲೂರಿನ ವೈದ್ಯರು ರೋಗಿಗಳ ಶ್ವಾಸಕೋಶದ ತುಣುಕಿನಲ್ಲೇ ಆನೆಕಾಲು ರೋಗ ತರುವ ಫೈಲೇರಿಯಾ ಹುಳುವಿನ ಮರಿಗಳನ್ನು, ಅಂದರೆ ಮೈಕ್ರೋಫೈಲೇರಿಯಾಗಳನ್ನು ಕಂಡರು. ಆನೆಕಾಲು ರೋಗ ನೆಲೆಯೂರಿದ್ದ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರೂ ಇದ್ದುದರಿಂದ ಈ ಶೋಧ ಇಲ್ಲಿನ ದಮ್ಮಿನ ಚರಿತ್ರೆಗೂ ಸೇರುತ್ತದೆ. ದಮ್ಮು ಎಂದು ವರ್ಷಗಟ್ಟಲೆ ನರಳುವವರಲ್ಲಿ ಕೆಲವರ ಕಾಯಿಲೆ ಅಸ್ತಮಾ ಆಗಿರದೆ, ಡೈಈಥೈಲ್‌ಕಾರ್ಬಮಜೀನ್ ಮಾತ್ರೆಗೆ ಮೂರು ವಾರದಲ್ಲಿ ಇಳಿಯುವಂಥದ್ದೂ ಆಗಿರಬಹುದು.

ಅತ್ತ ಅಸ್ತಮಾದ ಸಂಶೋಧನೆ ಎಣಿಕೆಯನ್ನೇ ಹಿಡಿದು ಮುಂದೆ ಸಾಗಿತು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 74 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಫದ ಇಯೋಸಿನೋಫಿಲ್ ನೋಡಿ ಔಷಧ ಹೆಚ್ಚುಕಡಿಮೆ ಮಾಡಿದವರ ಗುಂಪಿನಲ್ಲಿ ತೀವ್ರ ಕೆರಳಿಕೆಗಳು 35, ರೂಢಿಯ ಚಿಕಿತ್ಸೆಯ ಗುಂಪಿನಲ್ಲಿ 109. ಕಫದ ಪರೀಕ್ಷೆ ತ್ರಾಸಿನದು, ಸಣ್ಣ ಊರಿಗೆ ಒಗ್ಗದು. ರಕ್ತದ ಎಣಿಕೆಯೂ ಸಾಕಾಗುತ್ತದೆ ಎಂಬುದು 2015ರಲ್ಲಿ ಗಟ್ಟಿಯಾಯಿತು. ಬ್ರಿಟನ್ನಿನ 1,30,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳ ಪ್ರಕಾರ, ಒಂದು ಮೈಕ್ರೋಲೀಟರ್ ರಕ್ತದಲ್ಲಿ 400ಕ್ಕಿಂತ ಹೆಚ್ಚು ಇಯೋಸಿನೋಫಿಲ್ ಇದ್ದವರಿಗೆ ಮುಂದಿನ ವರ್ಷ ತೀವ್ರ ಕೆರಳಿಕೆ ಹೆಚ್ಚಿತ್ತು. ಉಸಿರಿನಲ್ಲಿ ಹೊರಬರುವ ನೈಟ್ರಿಕ್ ಆಕ್ಸೈಡ್ ಇನ್ನೊಂದು ಸೂಚಕ. ಅಸ್ತಮಾದಲ್ಲಿ ಅದು ಏರುವುದು 1993ರ ಹೊತ್ತಿಗೆ ತಿಳಿದಿತ್ತು. ಎರಡೂ ಒಟ್ಟಿಗೆ ಏರಿದವರಿಗೆ ಅಪಾಯ ಇನ್ನೂ ಜಾಸ್ತಿ. ಹಿಂದಿನ ವರ್ಷ ಒಮ್ಮೆ ಕೆರಳಿದ್ದರಂತೂ ಮತ್ತೆ ಕೆರಳುವ ಸಂಭವ ಬಲವಾಗುತ್ತದೆ.

ಉಸಿರಿನ ನೈಟ್ರಿಕ್ ಆಕ್ಸೈಡ್ ಅಳೆಯುವ ಯಂತ್ರ ದುಬಾರಿ. ರಕ್ತದ ಎಣಿಕೆಗೆ ಬೇಕಾದದ್ದು ಒಂದು ಹನಿ ರಕ್ತ, ಗಾಜಿನ ಸ್ಲೈಡ್, ಲೀಶ್ಮನ್ ಬಣ್ಣ, ಸೂಕ್ಷ್ಮದರ್ಶಕ. ಲ್ಯಾಬಿನವರು ಸ್ಲೈಡ್ ಮೇಲೆ ರಕ್ತವನ್ನು ತೆಳ್ಳಗೆ ಎಳೆದು, ಬಣ್ಣ ಹಾಕಿ ತೊಳೆದು, ನೂರು ಬಿಳಿ ಕಣಗಳನ್ನು ಒಂದೊಂದಾಗಿ ನೋಡುತ್ತಾರೆ. ಎರಡು ಹಾಲೆಯ ಕೋಶಕೇಂದ್ರ, ಅದರ ಸುತ್ತ ಕಿತ್ತಳೆಗೆಂಪು ಕಾಳುಗಳು ಕಂಡರೆ ಅದು ಇಯೋಸಿನೋಫಿಲ್. ಬೇರೆಯಾಗಿ ಎಣಿಸಿದ ಒಟ್ಟು ಬಿಳಿ ಕಣ ಒಂದು ಮೈಕ್ರೋಲೀಟರಿನಲ್ಲಿ 8,000, ಅದರಲ್ಲಿ ನೂರಕ್ಕೆ ಐದು ಇಯೋಸಿನೋಫಿಲ್ ಎಂದಾದರೆ ಎಣಿಕೆ 400. ಅಸ್ತಮಾದಲ್ಲಿ ಸಾಮಾನ್ಯವಾಗಿ ಇದು ಕೆಲವು ನೂರು. 3,000 ದಾಟಿದರೆ ಮೊದಲು ಫೈಲೇರಿಯಾದ ಅನುಮಾನ ಬರಬೇಕು.

ಬ್ರಿಟನ್ನಿನ ಅಳತೆಗೋಲನ್ನು ಮಾನ್ವಿಗೆ ಹಾಗೆಯೇ ತರುವುದು ತಪ್ಪಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಸೀಮೆಯಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಹಸಿ ಮಣ್ಣಿನಿಂದ ಕೊಕ್ಕೆಹುಳು, ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಅಂಟಬಹುದು. ಇವೂ ಇಯೋಸಿನೋಫಿಲ್ ಏರಿಸುತ್ತವೆ. ಸ್ಟ್ರಾಂಜಿಲಾಯ್ಡಿಸ್ ಇರುವವರಿಗೆ ಸ್ಟೀರಾಯ್ಡ್ ಕೊಟ್ಟರೆ ಹುಳು ದೇಹವೆಲ್ಲ ಹಬ್ಬಿ ಪ್ರಾಣಕ್ಕೆ ಕುತ್ತಾಗುವುದುಂಟು. ಆದ್ದರಿಂದ ಎಣಿಕೆ ಏರಿದ ತೀವ್ರ ಅಸ್ತಮಾ ರೋಗಿಗೆ ಹುಳುವಿನ ಪರೀಕ್ಷೆಯೂ ಆಗಬೇಕು. ಸ್ಟೀರಾಯ್ಡ್ ಮಾತ್ರೆ ನುಂಗಿದ ದಿನಗಳಲ್ಲಿ ಎಣಿಕೆ ತಾನಾಗಿ ಇಳಿದಿರುತ್ತದೆ. ಅಂಥ ಒಂದು ವರದಿ ನೋಡಿ ಅಪಾಯ ಕಳೆಯಿತು ಎನ್ನಲು ಬರುವುದಿಲ್ಲ. ದಮ್ಮು ಇರುವವರು ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನು ಎಸೆಯದೆ, ಮಾತ್ರೆ ತೆಗೆದುಕೊಂಡ ತಾರೀಖು ಬರೆದಿಟ್ಟು ವೈದ್ಯರ ಮುಂದೆ ಇಡಬೇಕು.