ಹಾಡಿನ ವಿಡಿಯೋ ಹುಡುಕಿದವರಿಗೆ ಸಿಗಬೇಕಾದರೆ: ಕೆಲವು ಉಪಯುಕ್ತ ಮಾಹಿತಿಗಳು

ಇಂದಿನ ಅಂತರ್ಜಾಲ ಯುಗದಲ್ಲಿ ಹಾಡೊಂದನ್ನು ಧ್ವನಿಮುದ್ರಿಸಿ, ಮೊಬೈಲಿನಲ್ಲೇ ಚಿತ್ರೀಕರಿಸಿ ಯೂಟ್ಯೂಬ್‌ಗೆ ಏರಿಸುವುದು ದೊಡ್ಡ ಕೆಲಸವೇನಲ್ಲ. ಕಷ್ಟ ಎದುರಾಗುವುದು ಆಮೇಲೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಕೈಯಿಂದ ಹಣ ಹಾಕಿ ಸಿದ್ಧಪಡಿಸಿದ ಹಾಡನ್ನು ಬಂಧುಮಿತ್ರರು ನೋಡುತ್ತಾರೆ. ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಹಾಡು ಚೆನ್ನಾಗಿಲ್ಲವೆಂದೇ ಹೀಗಾಗುತ್ತದೆ ಎನ್ನುವಂತಿಲ್ಲ. ಎಷ್ಟೋ ಸಲ ಅದು ಹುಡುಕುವವರ ಕಣ್ಣಿಗೇ ಬೀಳುವುದಿಲ್ಲ. ಕಣ್ಣಿಗೆ ಬೀಳುವಂತೆ ಮಾಡುವ ಕ್ರಮವನ್ನು ‘ಸರ್ಚ್ ಇಂಜಿನ್ ಆಪ್ಟಿಮೈಸೇಷನ್’, ಚಿಕ್ಕದಾಗಿ ‘ಎಸ್‌ಇಒ’ ಎನ್ನುತ್ತಾರೆ. ಇದಕ್ಕೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಬೇಕಾದದ್ದು ಹಾಡಿನ ವಿವರವನ್ನು ಸರಿಯಾಗಿ, ಪ್ರಾಮಾಣಿಕವಾಗಿ ಬರೆಯುವ ತಾಳ್ಮೆ.

ಓಲ್ಡ್ ಟೌನ್ ಎಂಬ ಉದಾಹರಣೆ

ಶಿವಮೊಗ್ಗ ಜಿಲ್ಲೆಯ ಭದ್ರಾವತಿಯನ್ನು ತೆಗೆದುಕೊಳ್ಳೋಣ. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿಂದ ಹೆಸರಾದ ಈ ಊರಿನ ಹಳೆಯ ಭಾಗವನ್ನು ಜನ ಓಲ್ಡ್ ಟೌನ್ ಎಂದೇ ಕರೆಯುತ್ತಾರೆ. ಅಲ್ಲಿನ ಯುವಕರ ತಂಡವೊಂದು ತನ್ನ ಹಾಡಿಗೆ ‘ಓಲ್ಡ್ ಟೌನ್ ಸಾಂಗ್’ ಎಂದಷ್ಟೇ ಶೀರ್ಷಿಕೆ ಕೊಟ್ಟಿತೆನ್ನಿ. ಆ ಪದಗಳು ಅಮೆರಿಕದ ಲಿಲ್ ನಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’ ಹಾಡಿನ ಎದುರು ಪೈಪೋಟಿಗೆ ನಿಲ್ಲಬೇಕಾಗುತ್ತದೆ. 2018ರ ಡಿಸೆಂಬರಿನಲ್ಲಿ ಹೊರಬಂದ ಆ ಹಾಡು 2019ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿತ್ತು. ಅದರ ಗಾಯಕನೂ ಆಗ ಹೆಸರಿಲ್ಲದ ತರುಣನೇ. ಹಾಡಿನ ತಾಳವಾದ್ಯದ ತುಣುಕನ್ನು ಅಂತರ್ಜಾಲದಲ್ಲಿ 30 ಡಾಲರಿಗೆ ಕೊಂಡಿದ್ದ. ಆದರೆ ಇಂದು ‘ಓಲ್ಡ್ ಟೌನ್’ ಎಂಬ ಎರಡು ಪದಗಳನ್ನಷ್ಟೇ ನಂಬಿ ಆ ಹಾಡನ್ನು ಹಿಂದಿಕ್ಕುವುದು ಆಗದ ಮಾತು.

‘ಭದ್ರಾವತಿ’ ಎಂದು ಸೇರಿಸಿದರೆ ಸಾಲದೇ? ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲೂ ಒಂದು ಭದ್ರಾವತಿ ಇದೆ. ಆದ್ದರಿಂದ ‘ಕನ್ನಡ ಹಾಡು’, ‘ಓಲ್ಡ್ ಟೌನ್ ಭದ್ರಾವತಿ’, ‘ಶಿವಮೊಗ್ಗ’ ಎಂಬ ಮೂರೂ ಸೂಚನೆಗಳು ಒಟ್ಟಿಗೆ ಇರಬೇಕು. ಇಡೀ ಜಗತ್ತಿನೊಂದಿಗೆ ಸ್ಪರ್ಧಿಸುವ ಬದಲು, ನಮ್ಮವರು ನಮ್ಮನ್ನು ಹುಡುಕುವ ಪದಗಳಲ್ಲಿ ಮೊದಲಿಗರಾಗುವುದೇ ಸಣ್ಣ ತಂಡಗಳಿಗೆ ಇರುವ ದಾರಿ.

ಉದ್ಘೋಷಕರ ಪಾಠ

ಭದ್ರಾವತಿ ಆಕಾಶವಾಣಿಯನ್ನು ಕೇಳಿ ಬೆಳೆದವರಿಗೆ ನೆನಪಿರಬಹುದು. ಚಿತ್ರಗೀತೆ ಹಾಕುವ ಮುನ್ನ ಉದ್ಘೋಷಕರು ಚಿತ್ರದ ಹೆಸರು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳುತ್ತಿದ್ದರು. ಯೂಟ್ಯೂಬ್‌ನ ಶೀರ್ಷಿಕೆ ಮತ್ತು ವಿವರಣೆ ಮಾಡಬೇಕಾದದ್ದೂ ಇದನ್ನೇ. ಹುಡುಕಿದ ಪದಗಳಿಗೆ ಶೀರ್ಷಿಕೆ, ವಿವರಣೆ, ಟ್ಯಾಗ್ ಮತ್ತು ವಿಡಿಯೋದ ವಿಷಯ ಎಷ್ಟು ಹೊಂದುತ್ತವೆ ಎಂಬುದನ್ನು ಯೂಟ್ಯೂಬ್ ನೋಡುತ್ತದೆ. ಜೊತೆಗೆ ಅದೇ ಪದ ಹುಡುಕಿ ಬಂದವರು ಆ ವಿಡಿಯೋವನ್ನು ಎಷ್ಟು ಹೊತ್ತು ನೋಡಿದರು ಎಂಬುದನ್ನೂ ಗಮನಿಸುತ್ತದೆ.

1. ಶೀರ್ಷಿಕೆ: ಗರಿಷ್ಠ 100 ಅಕ್ಷರಗಳಿಗೆ ಅವಕಾಶವಿದೆ. ಮೊಬೈಲಿನಲ್ಲಿ ಕೊನೆಯ ಭಾಗ ಕಾಣದಿರಬಹುದಾದ್ದರಿಂದ ಹಾಡಿನ ಹೆಸರು ಮತ್ತು ಗಾಯಕರ ಹೆಸರು ಮೊದಲೇ ಬರಲಿ.

2. ವಿವರಣೆ: 5000 ಅಕ್ಷರಗಳವರೆಗೆ ಬರೆಯಬಹುದು. ಮೊದಲ ಎರಡು ಸಾಲುಗಳಲ್ಲೇ ಹಾಡು ಯಾವುದು, ಯಾರದು, ಎಲ್ಲಿಯದು ಎಂದು ತಿಳಿಸಿ. ನಂತರ ಕವಿ, ಸಂಗೀತ ಸಂಯೋಜಕರು, ವಾದ್ಯಗಾರರು ಎಲ್ಲರನ್ನೂ ಹೆಸರಿಸಿ. ಹಾಡು ನಿಮ್ಮದೇ ರಚನೆಯಾಗಿದ್ದರೆ ಪೂರ್ಣ ಸಾಹಿತ್ಯವನ್ನೂ ಹಾಕಿ. ಹೆಸರು ಮರೆತು ಒಂದು ಸಾಲು ಮಾತ್ರ ನೆನಪಿರುವ ಕೇಳುಗರು ಬಹಳ.

3. ಉಪಶೀರ್ಷಿಕೆ: ಕನ್ನಡದಲ್ಲಿ ಸಬ್‌ಟೈಟಲ್ ಸೇರಿಸಲು ಅವಕಾಶವಿದೆ. ಕಿವಿ ಕೇಳದವರಿಗೂ, ಹೊರದೇಶಗಳಲ್ಲಿ ಬೆಳೆದ ಮಕ್ಕಳಿಗೂ ಇದು ಉಪಕಾರಿ.

4. ಥಂಬ್‌ನೇಲ್: 1280×720 ಅಳತೆಯ ಸ್ಪಷ್ಟ ಚಿತ್ರವಿರಲಿ. ಅದರ ಮೇಲಿನ ಅಕ್ಷರ ಮೊಬೈಲಿನ ಸಣ್ಣ ಪರದೆಯಲ್ಲೂ ಓದಲು ಬರಬೇಕು.

5. ಅಧ್ಯಾಯಗಳು: ಒಂದೇ ವಿಡಿಯೋದಲ್ಲಿ ಹಲವು ಹಾಡುಗಳಿದ್ದರೆ, 0:00ರಿಂದ ಆರಂಭಿಸಿ ಪ್ರತಿ ಹಾಡಿನ ಸಮಯ ಮತ್ತು ಹೆಸರನ್ನು ವಿವರಣೆಯಲ್ಲಿ ಬರೆಯಿರಿ. ಕನಿಷ್ಠ ಮೂರು ನಮೂದುಗಳಿರಬೇಕು.

ಕಾಗುಣಿತದ ತೊಡಕು

ಗಾಯಕ ಶಿವಮೊಗ್ಗ ಸುಬ್ಬಣ್ಣ (1938–2022) ಅವರ ಹೆಸರನ್ನೇ ನೋಡಿ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದ ಅವರ ಹೆಸರನ್ನು ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದು ಬರೆಯುವವರೂ ಇದ್ದಾರೆ, ‘ಶಿವಮೊಗ್ಗ’ ಎಂದು ಬರೆಯುವವರೂ ಇದ್ದಾರೆ. ಊರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದೇ ದಿನ ಮಂಗಳೂರಿನ ಇಂಗ್ಲಿಷ್ ಹೆಸರೂ ಬದಲಾಯಿತು. ಆದರೆ ಜನರ ಬೆರಳಿನ ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ. ಭದ್ರಾವತಿಯ ‘ತಿ’ಗೂ ಕೆಲವರು ‘ಹೆಚ್’ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಆದ್ದರಿಂದ ಶೀರ್ಷಿಕೆಯಲ್ಲಿ ಕನ್ನಡ ಲಿಪಿಯ ಜೊತೆಗೆ ಒಂದು ಇಂಗ್ಲಿಷ್ ರೂಪವಿರಲಿ; ಉಳಿದ ಕಾಗುಣಿತಗಳನ್ನು ಟ್ಯಾಗ್‌ನಲ್ಲಿ ಕೊಡಿ. ಟ್ಯಾಗ್‌ಗಳ ಪ್ರಭಾವ ಬಹಳ ಕಡಿಮೆ. ತಪ್ಪಾಗಿ ಬರೆಯಲ್ಪಡುವ ಹೆಸರುಗಳಿಗೆ ಮಾತ್ರ ಅವು ಸಹಾಯಕವೆಂದು ಯೂಟ್ಯೂಬ್ ತಾನೇ ಹೇಳುತ್ತದೆ. ನಮ್ಮ ಕರಾವಳಿಯ ಕೊಂಕಣಿ ಹಾಡುಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಕೊಂಕಣಿಯನ್ನು ಕನ್ನಡ, ದೇವನಾಗರಿ, ರೋಮನ್ ಲಿಪಿಗಳಲ್ಲಿ ಬರೆಯುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಮುದ್ರಣಾಲಯಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಸಾಹಿತ್ಯವನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಮೂಡುತ್ತವೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಕನ್ನಡದಲ್ಲಿ ಹುಡುಕುವವರಿಗೆ ಸಿಗುವುದು ಯೂನಿಕೋಡ್ ಕನ್ನಡ ಮಾತ್ರ.

ಮಾಡಬಾರದ ಕೆಲಸಗಳು

ಹಾಡಿಗೆ ಸಂಬಂಧವೇ ಇಲ್ಲದ ಚಿತ್ರನಟರ ಹೆಸರನ್ನು ಶೀರ್ಷಿಕೆಗೆ ಸೇರಿಸುವುದು, ವಿವರಣೆಯಲ್ಲಿ ಟ್ಯಾಗ್‌ಗಳ ರಾಶಿ ಸುರಿಯುವುದು, ಹಣ ಕೊಟ್ಟು ವೀಕ್ಷಣೆ ಕೊಳ್ಳುವುದು ಇವೆಲ್ಲ ಯೂಟ್ಯೂಬ್ ನಿಯಮಗಳಿಗೆ ವಿರುದ್ಧ. ವಿಡಿಯೋವನ್ನೇ ತೆಗೆದುಹಾಕಬಹುದು. ಹಾಗಾಗದಿದ್ದರೂ, ಮೋಸಹೋದ ನೋಡುಗ ಕೆಲವೇ ಕ್ಷಣಗಳಲ್ಲಿ ಬಿಟ್ಟುಹೋಗುತ್ತಾನೆ. ಅದರಿಂದ ಹಾಡು ಮತ್ತಷ್ಟು ಕೆಳಗಿಳಿಯುತ್ತದೆ.

ಹಕ್ಕುಸ್ವಾಮ್ಯವನ್ನು ಮರೆಯಬಾರದು. ಭಾರತದ ಕಾನೂನಿನಂತೆ ಕವಿಯ ನಿಧನದ ನಂತರದ ವರ್ಷದಿಂದ 60 ವರ್ಷಗಳ ಕಾಲ ಕೃತಿಯ ಹಕ್ಕು ಉಳಿಯುತ್ತದೆ. ಶಿವಮೊಗ್ಗ ಜಿಲ್ಲೆಯವರೇ ಆದ ಕುವೆಂಪು ನಿಧನರಾದದ್ದು 1994ರಲ್ಲಿ. ಹಾಗಾಗಿ ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಸಾಂಪ್ರದಾಯಿಕ ಜನಪದ ಗೀತೆಯನ್ನು ನೀವೇ ಹಾಡಬಹುದು, ಆದರೆ ಬೇರೆಯವರ ಧ್ವನಿಮುದ್ರಣವನ್ನು ಬಳಸುವಂತಿಲ್ಲ. ಯೂಟ್ಯೂಬ್‌ನ ‘ಕಂಟೆಂಟ್ ಐಡಿ’ ವ್ಯವಸ್ಥೆ ತನ್ನಲ್ಲಿ ನೋಂದಾಯಿತವಾದ ಧ್ವನಿಮುದ್ರಣಗಳನ್ನು ತಾನೇ ಗುರುತಿಸುತ್ತದೆ. ಆಗ ಜಾಹೀರಾತಿನ ಆದಾಯ ಹಕ್ಕುದಾರರಿಗೆ ಹೋಗಬಹುದು, ಇಲ್ಲವೇ ವಿಡಿಯೋಗೆ ತಡೆ ಬೀಳಬಹುದು.

ಹಾಕಿ ಸುಮ್ಮನಿರಬೇಡಿ

ವಿಡಿಯೋ ಏರಿಸಿದ ಕೆಲವು ವಾರಗಳ ನಂತರ ‘ಯೂಟ್ಯೂಬ್ ಸ್ಟುಡಿಯೋ’ ತೆರೆದು ಅಂಕಿಅಂಶಗಳನ್ನು ನೋಡಿ. ಯಾವ ಪದ ಹುಡುಕಿದವರು ನಿಮ್ಮ ಹಾಡಿಗೆ ಬಂದರು ಎಂಬ ವಿವರ ಅಲ್ಲಿ ಸಿಗುತ್ತದೆ. ನೀವು ಊಹಿಸಿರದ ಪದ ಕಂಡುಬಂದರೆ, ಅದು ಹಾಡಿಗೆ ನಿಜವಾಗಿಯೂ ಹೊಂದುವಂತಿದ್ದರೆ, ವಿವರಣೆಯಲ್ಲಿ ಸೇರಿಸಿ. ತಂಡದ ಎಲ್ಲ ಹಾಡುಗಳನ್ನೂ ಒಂದು ಪ್ಲೇಲಿಸ್ಟ್‌ನಲ್ಲಿ ಜೋಡಿಸಿ. ಒಂದು ಹಾಡು ಮೆಚ್ಚಿದವರಿಗೆ ಮುಂದಿನದು ತಾನಾಗಿ ಸಿಗುತ್ತದೆ.

ಇಷ್ಟೆಲ್ಲ ಮಾಡಿದ ಮಾತ್ರಕ್ಕೆ ಲಕ್ಷಗಟ್ಟಲೆ ಅಭಿಮಾನಿಗಳು ಬರುತ್ತಾರೆಂಬ ಭರವಸೆಯನ್ನು ಯಾರೂ ಕೊಡಲಾರರು. ಸರಿಯಾದ ಹೆಸರು, ಸರಿಯಾದ ಊರು, ಸರಿಯಾದ ವಿವರ ಕೇಳುಗನನ್ನು ಹಾಡಿನ ಬಾಗಿಲವರೆಗೆ ಕರೆತರುತ್ತವೆ. ಒಳಗೆ ಕೂರಿಸಿಕೊಳ್ಳುವುದು ಹಾಡಿನ ಕೆಲಸ.