ಹೆಲಿಕಾಪ್ಟರ್ ಭಾಗಗಳ ಫ್ರೆಂಚ್ ಪದಗಳು

ಫ್ರಾನ್ಸ್‌ನ ಪರವಾನಗಿಯಡಿ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೇತಕ್ (ಮೂಲ ಅಲುಎಟ್ 3) ಮತ್ತು ಚೀತಾ (ಮೂಲ ಲಾಮಾ) ಹೆಲಿಕಾಪ್ಟರ್‌ಗಳ ಮೂಲ ಪರಿಭಾಷೆ ಫ್ರೆಂಚ್. ಚೇತಕ್ ಒಪ್ಪಂದ 1962ರದು, ಚೀತಾದ್ದು 1970ರದು. ಎರಡಕ್ಕೂ ಟರ್ಬೊಮೆಕಾ ಸಂಸ್ಥೆಯ ಆರ್ಟೂಸ್ಟ್ ಎಂಜಿನ್.

ಈ ಪದಗಳನ್ನು ಇಂಗ್ಲಿಷಿಗೆ ತರುವಾಗ ಸಾಮಾನ್ಯ ನಿಘಂಟು ಸಾಲದು. ‘ಕೂಪ್ಲ್’ ಎಂಬುದು ಗೇರ್‌ಬಾಕ್ಸ್ ಪ್ರಕರಣದಲ್ಲಿ ಟಾರ್ಕ್, ಅಂದರೆ ತಿರುಚುಬಲ. ಒಡಲಿನ ನಕ್ಷೆಯಲ್ಲಿ ಅದೇ ಪದ ಅಡ್ಡಚೌಕಟ್ಟು. ‘ಪಾ’ ಎಂದರೆ ಹೆಜ್ಜೆ. ರೋಟರಿನ ಮಾತು ಬಂದಾಗ ಅಲಗಿನ ಓರೆ, ಇಂಗ್ಲಿಷಿನ ಪಿಚ್. ‘ಪ್ಲಾತೊ ಸಿಕ್ಲಿಕ್’ ಅನ್ನು ಪದಶಃ ಚಕ್ರೀಯ ತಟ್ಟೆ ಎಂದರೆ ಮೆಕ್ಯಾನಿಕ್ ಗಲಿಬಿಲಿಗೊಂಡಾನು. ಅವನಿಗೆ ಗೊತ್ತಿರುವುದು ಸ್ವಾಶ್‌ಪ್ಲೇಟ್. ‘ರೋಟೊರ್ ಆಂಟಿಕೂಪ್ಲ್’ ಬಾಲದ ರೋಟರು. ಇಲ್ಲಿ ಫ್ರೆಂಚ್ ಹೆಸರೇ ಮೇಲು, ಭಾಗದ ಜಾಗವನ್ನಲ್ಲ, ಕೆಲಸವನ್ನು ಹೇಳುತ್ತದೆ. ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳದ ಅನುವಾದವನ್ನು ನಂಬಬಾರದು.

ಫ್ರೆಂಚ್ ನಂಟು ಹೊಸ ಹೆಲಿಕಾಪ್ಟರಿಗೂ ಉಂಟು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿನ ಲಘು ಹೆಲಿಕಾಪ್ಟರ್ ದೇಶೀಯ ವಿನ್ಯಾಸದ್ದು. ಅದರ ‘ಶಕ್ತಿ’ ಎಂಜಿನ್ ಮಾತ್ರ ಎಚ್‌ಎಎಲ್ ಮತ್ತು ಟರ್ಬೊಮೆಕಾ ಜಂಟಿಯಾಗಿ ರೂಪಿಸಿದ್ದು.