ನಮ್ಮ ನೆಲದಡಿಯ ರೋಮನ್ ನಾಣ್ಯಗಳು

ಬೆಂಗಳೂರು ಎಂದೊಡನೆ ನಮಗೆ ಕೆಂಪೇಗೌಡರ ನೆನಪಾಗುತ್ತದೆ. ಆದರೆ ಅವರು ಕೋಟೆ ಕಟ್ಟುವುದಕ್ಕೆ ಸುಮಾರು ಹದಿನೈದು ಶತಮಾನ ಹಿಂದಿನ ರೋಮ್ ಸಾಮ್ರಾಜ್ಯದ ನಾಣ್ಯಗಳು ಇದೇ ಊರಿನ ಮಣ್ಣಿನಲ್ಲಿ ಸಿಕ್ಕಿವೆ ಎಂದರೆ ತರಗತಿಯಲ್ಲಿ ಮಕ್ಕಳು ಬೆರಗಾಗುತ್ತಾರೆ.

1891ರಲ್ಲಿ ಯಶವಂತಪುರದಲ್ಲಿ ರೈಲು ಮಾರ್ಗದ ಕೆಲಸ ನಡೆಯುವಾಗ 163 ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ನಮ್ಮ ರಾಮಮೂರ್ತಿ ನಗರದಿಂದ ಕೆಲವೇ ಕಿಲೋಮೀಟರ್ ದೂರದ ಎಚ್.ಎ.ಎಲ್. ಪ್ರದೇಶದಲ್ಲಿ ಒಂದು ಮಣ್ಣಿನ ಕುಡಿಕೆಯೊಳಗೆ 256 ನಾಣ್ಯಗಳು ಸಿಕ್ಕವು. ಇವು ಅಗಸ್ಟಸ್, ಟೈಬೀರಿಯಸ್ ಮುಂತಾದ ಚಕ್ರವರ್ತಿಗಳು ಹೊರಡಿಸಿದ 'ಡಿನೇರಿಯಸ್' ನಾಣ್ಯಗಳು. ಅರಬ್ಬಿಯ 'ದೀನಾರ್' ಪದಕ್ಕೂ ಇದೇ ಮೂಲ.

ಈ ನಾಣ್ಯ ಅಂದಿನ ದಿನನಿತ್ಯದ ಬದುಕನ್ನು ತೋರಿಸುತ್ತದೆ. ಅಗಸ್ಟಸ್ ಕಾಲದ ರೋಮನ್ ಸಿಪಾಯಿಯ ವರ್ಷದ ಸಂಬಳ 225 ಡಿನೇರಿಯಸ್. ಅದರಲ್ಲೇ ಬಟ್ಟೆ, ಆಯುಧಗಳ ಖರ್ಚನ್ನು ಮುರಿದುಕೊಳ್ಳುತ್ತಿದ್ದರು. ಅಂದರೆ ಎಚ್.ಎ.ಎಲ್. ಕುಡಿಕೆಯಲ್ಲಿದ್ದದ್ದು ಒಬ್ಬ ಸಿಪಾಯಿಯ ಒಂದು ವರ್ಷದ ದುಡಿಮೆಗಿಂತ ಹೆಚ್ಚು! ಪತ್ರಿಕೆಗಳಿಲ್ಲದ ಆ ಕಾಲದಲ್ಲಿ ನಾಣ್ಯವೇ ಸುದ್ದಿಪತ್ರ. ಅಗಸ್ಟಸ್ ತನ್ನ ಇಬ್ಬರು ಮೊಮ್ಮಕ್ಕಳ ಚಿತ್ರವನ್ನು ನಾಣ್ಯದ ಮೇಲೆ ಅಚ್ಚು ಹಾಕಿಸಿ, ಮುಂದಿನ ವಾರಸುದಾರರನ್ನು ಜನರಿಗೆ ಪರಿಚಯಿಸಿದ್ದನು.

ಇವು ಇಲ್ಲಿಗೆ ಬಂದದ್ದು ವ್ಯಾಪಾರದಿಂದ. ನಮ್ಮ ಕಡೆಯ ಮೆಣಸು, ಮುತ್ತು, ನವಿರಾದ ಹತ್ತಿಬಟ್ಟೆಗೆ ರೋಮನ್ನರು ಮಾರುಹೋಗಿದ್ದರು. ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್ ಹಣವನ್ನು ಭಾರತವೇ ಸೆಳೆದುಕೊಳ್ಳುತ್ತಿದೆ ಎಂದು ಪ್ಲಿನಿ ಎಂಬ ರೋಮನ್ ಲೇಖಕ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ಡಿನೇರಿಯಸ್. ಕರ್ನಾಟಕದ ಒಳನಾಡಾದ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು.

ಆದರೆ ಆ ಕುಡಿಕೆಯನ್ನು ಹೂತಿಟ್ಟವರು ಯಾರು? ವ್ಯಾಪಾರಿಯೇ, ಊರಿನ ಯಜಮಾನನೇ? ಮಗಳ ಮದುವೆಗೆಂದು ಕೂಡಿಟ್ಟದ್ದೇ, ಕಳ್ಳರಿಗೆ ಹೆದರಿ ಬಚ್ಚಿಟ್ಟದ್ದೇ? ನಾಣ್ಯ ಮಾತ್ರ ಇದನ್ನು ಹೇಳಲಾರದು. ಸಿಕ್ಕಿದ ಜಾಗ, ಆಳ, ಜೊತೆಗಿದ್ದ ಮಡಕೆಚೂರು ಇವೆಲ್ಲ ಸೇರಿದರೆ ಮಾತ್ರ ಉತ್ತರದ ದಾರಿ ತೆರೆಯುತ್ತದೆ.

ಇಂದು ನಮ್ಮ ಬಡಾವಣೆಗಳಲ್ಲಿ ದಿನವೂ ಪಾಯ ತೋಡುತ್ತಾರೆ. ಹಳೆಯ ನಾಣ್ಯ ಕಂಡರೆ ಅದನ್ನು ಕರಗಿಸುವುದು, ಹಂಚಿಕೊಳ್ಳುವುದು ಕಾನೂನಿಗೂ ವಿರುದ್ಧ, ಜ್ಞಾನಕ್ಕೂ ನಷ್ಟ. ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಬೇಕು. ಪ್ರಿಯ ವಿದ್ಯಾರ್ಥಿಗಳೇ, ಬೆಳ್ಳಿಯ ಬೆಲೆಯನ್ನು ಅಕ್ಕಸಾಲಿಗ ಹೇಳಬಲ್ಲ. ಅದರ ಕಥೆಯನ್ನು ಉಳಿಸಬೇಕಾದವರು ಓದಿದ ನಾವು.